ಮಕರದ ಬಾಯಿಂದ ಹೊಮ್ಮಿದ ಕಮಾನು: ದಕ್ಷಿಣ ಭಾರತದ ಪಹ್ಲವಿ ಶಿಲುಬೆಗಳು ಮತ್ತು ಅವುಗಳ ಪ್ರಾಣಿಗಳು

ಚೆನ್ನೈನ ಪರಂಗಿಮಲೆಯ ಮೇಲಿನ ಚರ್ಚು, ಕೋಟ್ಟಯಂ ಪಟ್ಟಣದ ವಲಿಯಪಳ್ಳಿ, ಅದೇ ಜಿಲ್ಲೆಯ ಮುಟ್ಟುಚಿರ ಮತ್ತು ಕೋದನಲ್ಲೂರು, ಎರ್ನಾಕುಲಂ ಜಿಲ್ಲೆಯ ಕಡಮಟ್ಟಂ ಮತ್ತು ಆಲಂಗಾಡು, ಇವುಗಳಿಂದ ದೂರದಲ್ಲಿ ಗೋವೆಯ ಜುವಾರಿ ನದಿಯ ದಂಡೆಯ ಆಗಸಾಯಿಂ, ಹೀಗೆ ಬೆರಳೆಣಿಕೆಯಷ್ಟು ಸ್ಥಳಗಳಲ್ಲಿ ಮಾತ್ರ ದೊರೆತಿರುವ ಒಂದು ಬಗೆಯ ಕಲ್ಲಿನ ಶಿಲುಬೆಗಳು ಭಾರತದ ಕ್ರೈಸ್ತ ಇತಿಹಾಸದ ಅತ್ಯಂತ ಹಳೆಯ ಶಿಲ್ಪಸಾಕ್ಷ್ಯಗಳಲ್ಲಿ ಸೇರಿವೆ. ಇವು ಬಯಲಿನಲ್ಲಿ ಕಂಬದಂತೆ ಎದ್ದು ನಿಲ್ಲುವ ಶಿಲುಬೆಗಳಲ್ಲ. ಚಪ್ಪಡಿಯ ಒಂದೇ ಮುಖದಲ್ಲಿ ಉಬ್ಬುಶಿಲ್ಪವಾಗಿ ಕೆತ್ತಿ, ಗೋಡೆಗೋ ಬಲಿಪೀಠದ ಹಿಂಬದಿಗೋ ಸೇರಿಸಿ ನಿಲ್ಲಿಸಿದ ಭಿತ್ತಿಶಿಲುಬೆಗಳು. ಕಮಾನಿನ ಅಂಚಿನ ಸುತ್ತ ಪಹ್ಲವಿ ಲಿಪಿಯ, ಅಂದರೆ ಇಸ್ಲಾಂ ಪೂರ್ವದ ಇರಾನಿನಲ್ಲಿ ರೂಢಿಯಲ್ಲಿದ್ದ ಮಧ್ಯಕಾಲೀನ ಪರ್ಶಿಯನ್ ಭಾಷೆಯ ಒಂದು ಸಾಲು ಬರಹ ಇರುವುದರಿಂದ ವಿದ್ವಾಂಸರು ಇವನ್ನು ಪಹ್ಲವಿ ಶಿಲುಬೆ ಅಥವಾ ಪರ್ಶಿಯನ್ ಶಿಲುಬೆ ಎಂದು ಕರೆದರೆ, ತಮ್ಮ ಧರ್ಮದ ಮೂಲವನ್ನು ಯೇಸುವಿನ ಶಿಷ್ಯ ತೋಮಸನಿಗೆ ಒಯ್ಯುವ ಕೇರಳದ ಸಿರಿಯನ್ ಕ್ರೈಸ್ತರು ಇವನ್ನು ಮಾರ್ ತೋಮಾ ಸ್ಲೀಬ ಎನ್ನುತ್ತಾರೆ.

ಈ ಗುಂಪಿನಲ್ಲಿ ಪರಂಗಿಮಲೆಯ ಶಿಲೆಯೇ ಹೆಚ್ಚು ಪ್ರಸಿದ್ಧವಾದದ್ದು. 1547ರಲ್ಲಿ ಪೋರ್ಚುಗೀಸರು ಆ ಗುಡ್ಡದ ಮೇಲೆ ಪ್ರಾರ್ಥನಾಮಂದಿರವನ್ನು ಕಟ್ಟಲು ಅಡಿಪಾಯ ತೋಡುತ್ತಿದ್ದಾಗ ಅದು ಸಿಕ್ಕಿತು. ಕಪ್ಪು ಛಾಯೆಯ ಕಣಶಿಲೆಯ ಆ ಚಪ್ಪಡಿಯ ನಡುವೆ ಶಿಲುಬೆಯಿದ್ದು, ಅದರ ನಾಲ್ಕೂ ತೋಳುಗಳ ತುದಿಗಳು ಮೊಗ್ಗಿನಂತೆ ಅರಳಿಕೊಂಡಿವೆ; ಬುಡದಲ್ಲಿ ಮೆಟ್ಟಿಲುಗಳಿವೆ, ಮೆಟ್ಟಿಲುಗಳ ಮೇಲಿನಿಂದ ಎಲೆಗಳ ಎಸಳುಗಳು ಎರಡೂ ಬದಿಗೆ ಎದ್ದು ಬಾಗಿವೆ. ಶಿಲುಬೆಯ ನೆತ್ತಿಯ ಮೇಲೆ ರೆಕ್ಕೆ ಬಿಚ್ಚಿದ ಒಂದು ಹಕ್ಕಿ ತಲೆ ಕೆಳಗಾಗಿ ಇಳಿಯುತ್ತಿದೆ. ಎಡಬಲಗಳಲ್ಲಿ ಎರಡು ಕಂಬಗಳು, ಆ ಕಂಬಗಳ ಬೋದಿಗೆಗಳ ಮೇಲೆ ಎದುರುಬದುರಾಗಿ ಕುಳಿತ ಎರಡು ಮಕರಗಳು, ಆ ಮಕರಗಳ ತೆರೆದ ಬಾಯಿಂದ ಹೊರಟು ಶಿಲುಬೆಯನ್ನೂ ಹಕ್ಕಿಯನ್ನೂ ಆವರಿಸುವ ಕಮಾನು. ಶಿಲುಬೆಯ ಮೇಲೆ ಯೇಸುವಿನ ದೇಹವಿಲ್ಲ. ಸಂತರ, ದೇವದೂತರ, ದಾನಿಗಳ ಆಕೃತಿಯೂ ಇಲ್ಲ. ಆ ಶಿಲ್ಪದಲ್ಲಿ ಜೀವವುಳ್ಳದ್ದು ಎಂಬುದೇನಾದರೂ ಇದ್ದರೆ ಅದು ಹಕ್ಕಿ ಮತ್ತು ಮಕರಗಳು ಮಾತ್ರ.

ಮನುಷ್ಯಾಕೃತಿ ಇಲ್ಲದಿರುವುದು ಕೊರತೆಯಲ್ಲ. ಆ ಕಾಲದ ದಕ್ಷಿಣ ಭಾರತದ ಕ್ರೈಸ್ತರು ಸೇರಿದ್ದು ರೋಮಿನ ಪೋಪರ ಅಧೀನದ ಸಭೆಗಲ್ಲ, ಸಾಸಾನಿ ದೊರೆಗಳ ಇರಾನ್ ಮತ್ತು ಇರಾಕಿನಲ್ಲಿ ಬೆಳೆದ, ಇತಿಹಾಸದಲ್ಲಿ ಪೂರ್ವದ ಸಭೆ ಎಂದು ಪ್ರಸಿದ್ಧವಾದ ಕ್ರೈಸ್ತ ಸಂಪ್ರದಾಯಕ್ಕೆ. ಆ ಸಭೆ ಬರಿಯ ಶಿಲುಬೆಯನ್ನೇ ಪುನರುತ್ಥಾನದ, ಮರಣವನ್ನು ಗೆದ್ದ ಜೀವದ ಕುರುಹಾಗಿ ಪೂಜ್ಯಸ್ಥಾನದಲ್ಲಿ ಇಟ್ಟಿತ್ತು. 6ನೇ ಶತಮಾನದ ನಡುಭಾಗದಲ್ಲಿ ಬರೆದ ಗ್ರೀಕ್ ವರ್ತಕ ಕಾಸ್ಮಾಸನು ಮೆಣಸು ಬೆಳೆಯುವ ಮಲೆಯ ತೀರದಲ್ಲಿ ಕ್ರೈಸ್ತರಿದ್ದಾರೆಂದೂ ಕಲ್ಲಿಯಾನ ಎಂಬಲ್ಲಿ ಪರ್ಶಿಯಾದಿಂದ ನೇಮಕಗೊಂಡ ಬಿಷಪ್ ಇದ್ದಾನೆಂದೂ ದಾಖಲಿಸಿದ್ದಾನೆ. ಆ ಕಲ್ಲಿಯಾನವನ್ನು ಉಡುಪಿಯ ಬಳಿಯ ಕಲ್ಯಾಣಪುರವೆಂದು ಗುರುತಿಸಿದವರಿದ್ದಾರೆ, ಆದರೆ ಮುಂಬಯಿಯ ಸಮೀಪದ ಕಲ್ಯಾಣದ ಕಡೆಗೆ ವಾಲುವವರೇ ಹೆಚ್ಚು. 7ನೇ ಶತಮಾನದಲ್ಲಿ ಈ ಸಭೆಯ ಪ್ರಧಾನ ಗುರು ಮೂರನೇ ಈಶೋಯಾಬನು ಪಾರ್ಸ್ ಪ್ರಾಂತದ ರೇವ್ ಅರ್ದಶೀರಿನ ಮೆಟ್ರೊಪಾಲಿಟನ್, ಅಂದರೆ ಆ ಪ್ರಾಂತದ ಬಿಷಪರ ಮೇಲಧಿಕಾರಿ, ಭಾರತದ ಕ್ರೈಸ್ತರನ್ನು ಅಲಕ್ಷಿಸುತ್ತಿರುವನೆಂದು ಪತ್ರದಲ್ಲಿ ಆಕ್ಷೇಪಿಸಿದ್ದಾನೆ. ಪಾರ್ಸ್ ಪ್ರಾಂತದ ಕ್ರೈಸ್ತರು ಸಿರಿಯಾಕ್ ಜೊತೆಗೆ ತಮ್ಮ ಮನೆಮಾತಾದ ಪರ್ಶಿಯನ್ ಭಾಷೆಯಲ್ಲೂ ಧಾರ್ಮಿಕ ಬರವಣಿಗೆ ಮಾಡುತ್ತಿದ್ದವರು. ಹಾಗಾಗಿ ಭಾರತದ ಶಿಲುಬೆಗಳ ಮೇಲೆ ಸಿರಿಯಾಕ್ ಬದಲು ಪಹ್ಲವಿ ಕಾಣಿಸಿಕೊಳ್ಳುವುದು ಸಹಜವೇ. 849ರಲ್ಲಿ ವೇಣಾಡಿನ ಅಯ್ಯನಡಿಗಳು ಕೊಲ್ಲಂನ ತರಿಸಾಪಳ್ಳಿಗೆ ನೀಡಿದ ತಾಮ್ರಶಾಸನದ ಸಾಕ್ಷಿಗಳು ಅರಬ್ಬಿ, ಪಹ್ಲವಿ ಮತ್ತು ಹೀಬ್ರೂ ಅಕ್ಷರಗಳಲ್ಲಿ ರುಜು ಹಾಕಿರುವುದು ಅಂದಿನ ರೇವುಪಟ್ಟಣಗಳಲ್ಲಿ ಯಾವ ಯಾವ ಜನ ಕೂಡಿದ್ದರೆಂಬುದನ್ನು ತೋರಿಸುತ್ತದೆ. ಶಿಲುಬೆಗಳ ಕಾಲವನ್ನು ಸಾಮಾನ್ಯವಾಗಿ 7ರಿಂದ 9ನೇ ಶತಮಾನದೊಳಗೆ ಇಡುವುದಕ್ಕೆ ಲಿಪಿಯ ರೂಪವೂ ಈ ವ್ಯಾಪಾರದ ಹಿನ್ನೆಲೆಯೂ ಕಾರಣ.

ಬರಹವನ್ನು ಓದಿದ ಕಥೆ ಪ್ರತ್ಯೇಕ ಅಧ್ಯಾಯಕ್ಕೆ ತಕ್ಕದ್ದು. ಶಿಲೆ ಸಿಕ್ಕಾಗ ಗುಡ್ಡದ ಸಮೀಪದ ಮೈಲಾಪುರದ ಪ್ರದೇಶ ವಿಜಯನಗರದ ಅಧೀನದಲ್ಲಿತ್ತು. ಅಳಿಯ ರಾಮರಾಯನು 1550ರ ದಶಕದ ಕೊನೆಯಲ್ಲಿ ಅಲ್ಲಿನ ಪೋರ್ಚುಗೀಸ್ ನೆಲೆಯ ಮೇಲೆ ಏರಿಹೋದದ್ದೂ ಉಂಟು. ಅಕ್ಷರಗಳ ಗುರುತು ಹತ್ತದ ಪೋರ್ಚುಗೀಸರು ಆ ರಾಜ್ಯದ ಒಬ್ಬ ಬ್ರಾಹ್ಮಣ ಪಂಡಿತನನ್ನು ಕರೆಸಿದರು. ಒಂದೊಂದು ಅಕ್ಷರಕ್ಕೂ ಹಲವು ಪದಗಳ ಅರ್ಥವಿದೆಯೆಂದು ಹೇಳಿ ಅವನು ತೋಮಸನ ಜೀವನವನ್ನೂ ಮರಣವನ್ನೂ ಆ ಒಂದು ಸಾಲಿನಿಂದ ಹೊರಡಿಸಿದನು. ಕರೆಸಿದವರಿಗೆ ಬೇಕಾಗಿದ್ದೂ ಅದೇ ಆದ್ದರಿಂದ ಆ ಓದು ಮೂರು ಶತಮಾನ ಬದುಕಿತು. ನಿಜವಾದ ಲಿಪಿಯನ್ನು ಗುರುತಿಸಿ, ಈ ಶಿಲುಬೆಗಳನ್ನು ವಿದ್ವತ್ಲೋಕದ ಮುಂದಿಟ್ಟ ಎ. ಸಿ. ಬರ್ನೆಲ್‌ನ ಪುಟ್ಟ ಪ್ರಬಂಧ 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. ದಕ್ಷಿಣ ಭಾರತದ ಲಿಪಿಶಾಸ್ತ್ರವನ್ನು ಕುರಿತ ಅವನ ಪ್ರಸಿದ್ಧ ಗ್ರಂಥವೂ ಮರುವರ್ಷ ಅಲ್ಲಿಂದಲೇ ಹೊರಬಂದಿತು. ಆಮೇಲೆ ಮುಂಬಯಿಯ ಪಾರ್ಸಿ ವಿದ್ವಾಂಸ ಜೀವನ್‌ಜಿ ಜಮ್‌ಷೇದ್‌ಜಿ ಮೋದಿ, ಇಂಗ್ಲೆಂಡಿನ ವಿಂಕ್‌ವರ್ತ್, ಜರ್ಮನಿಯ ಗ್ರಾಪ್, ಇಟಲಿಯ ಚೆರೇತಿ ಮೊದಲಾದವರು ಒಬ್ಬರ ಓದನ್ನು ಇನ್ನೊಬ್ಬರು ತಿದ್ದುತ್ತ ಬಂದರು. ಹೆಸರುಗಳ ಬಗ್ಗೆ ಇಂದಿಗೂ ಒಮ್ಮತವಿಲ್ಲವಾದರೂ ಬರಹದ ಸಾರ ಒಂದೇ: ಶಿಲುಬೆಯನ್ನು ಮಾಡಿಸಿದ, ಅಥವಾ ತಂದ, ಚಹಾರ್‌ಬೋಖ್ತನ ಮಗನೊಬ್ಬನ ಮೇಲೆ ಪ್ರಭುವಾದ ಕ್ರಿಸ್ತನು ಕರುಣೆ ತೋರಲೆಂಬ ಬೇಡಿಕೆ. ಎಂದರೆ ಶಿಲ್ಪದ ಪ್ರಾಣಿಗಳ ಬಗ್ಗೆ ಬರಹ ಒಂದು ಅಕ್ಷರವನ್ನೂ ಹೇಳುವುದಿಲ್ಲ. ಆ ಪ್ರಾಣಿಗಳನ್ನು ಅವುಗಳ ಹುಟ್ಟಿನಿಂದಲೇ ಅರ್ಥಮಾಡಿಕೊಳ್ಳಬೇಕಾಗುತ್ತದೆ.

ಕ್ರೈಸ್ತ ಕಲೆಯ ಪ್ರಾಣಿಸಂಕೇತಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ನಿಘಂಟಿನ ಮಾದರಿಯನ್ನು ಹಿಡಿಯುತ್ತಾರೆ: ಕುರಿಮರಿ ಎಂದರೆ ಬಲಿಯಾದ ಕ್ರಿಸ್ತ, ತನ್ನ ಎದೆಯ ರಕ್ತದಿಂದ ಮರಿಗಳನ್ನು ಬದುಕಿಸುವ ಪೆಲಿಕನ್ ಎಂದರೆ ಅವನ ತ್ಯಾಗ, ಮೀನು ಎಂದರೆ ಅವನ ನಾಮ. ಈ ನಿಘಂಟಿಗೆ ಯೂರೋಪಿನಲ್ಲಿ ನಿಜವಾದ ಆಧಾರವಿದೆ. ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಅಲೆಕ್ಸಾಂಡ್ರಿಯದ ಕಡೆ ಗ್ರೀಕಿನಲ್ಲಿ ಹುಟ್ಟಿದ ಫಿಸಿಯೊಲೊಗಸ್ ಎಂಬ ಕೃತಿ ಒಂದೊಂದು ಪ್ರಾಣಿಯ ಸ್ವಭಾವವನ್ನು ಹೇಳಿ ಅದಕ್ಕೊಂದು ಧಾರ್ಮಿಕ ಅರ್ಥವನ್ನು ಹೊಂದಿಸಿತು, ಅದರ ಅನುವಾದಗಳು ಸಿರಿಯಾಕ್ ಸೇರಿದಂತೆ ಅನೇಕ ಭಾಷೆಗಳಲ್ಲಿ ಹರಡಿದವು. ಯೆಹೆಜ್ಕೇಲನ ದರ್ಶನದ ನಾಲ್ಕು ಜೀವಿಗಳನ್ನು ನಾಲ್ವರು ಸುವಾರ್ತಾಕಾರರಿಗೆ ಹಂಚಿ, ಮತ್ತಾಯನಿಗೆ ಮನುಷ್ಯ, ಮಾರ್ಕನಿಗೆ ಸಿಂಹ, ಲೂಕನಿಗೆ ಎತ್ತು, ಯೋಹಾನನಿಗೆ ಗರುಡ ಎಂದು ಸಂತ ಜೆರೋಮ್ ಬಳಸಿದ ಕ್ರಮ ಪಶ್ಚಿಮದಲ್ಲಿ ನೆಲೆಗೊಂಡು, ಮಧ್ಯಯುಗದ ಯೂರೋಪಿನ ಅನೇಕ ಶಿಲುಬೆಗಳ ನಾಲ್ಕು ತುದಿಗಳಲ್ಲಿ ಈ ನಾಲ್ಕು ಜೀವಿಗಳು ಬಂದು ಕುಳಿತವು. 6ನೇ ಶತಮಾನದಲ್ಲಿ ಬೈಜಾಂಟಿನ್ ಚಕ್ರವರ್ತಿ ಎರಡನೇ ಜಸ್ಟಿನನು ರೋಮಿಗೆ ಕಾಣಿಕೆಯಾಗಿತ್ತ ಶಿಲುಬೆಯ ನಡುವೆ ಕ್ರಿಸ್ತನ ಬದಲು ಕುರಿಮರಿಯೇ ಇದೆ. 692ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಧರ್ಮಸಭೆಯು ಇನ್ನು ಮುಂದೆ ಕ್ರಿಸ್ತನನ್ನು ಕುರಿಮರಿಯಾಗಿ ಅಲ್ಲ, ಮನುಷ್ಯರೂಪದಲ್ಲೇ ಚಿತ್ರಿಸಬೇಕೆಂದು ವಿಧಿಸಿತು. ಒಂದು ಪ್ರಾಣಿಯ ಚಿತ್ರಕ್ಕೆ ಶಾಸ್ತ್ರಸಭೆಯ ನಿರ್ಣಯ ಬೇಕಾಗುವಷ್ಟು ಅಲ್ಲಿ ಸಂಕೇತ ಗಟ್ಟಿಯಾಗಿತ್ತು.

ಪರಂಗಿಮಲೆಯ ಶಿಲೆಯಲ್ಲಿ ಈ ನಿಘಂಟಿಗೆ ಒಳಪಡುವುದು ಹಕ್ಕಿ ಒಂದೇ. ಯೇಸುವಿನ ದೀಕ್ಷಾಸ್ನಾನದ ಹೊತ್ತಿಗೆ ಪವಿತ್ರಾತ್ಮವು ಪಾರಿವಾಳದಂತೆ ಅವನ ಮೇಲೆ ಇಳಿಯಿತೆಂದು ನಾಲ್ಕೂ ಸುವಾರ್ತೆಗಳು ಹೇಳುವುದರಿಂದ, ತಲೆ ಕೆಳಗಾಗಿ ಇಳಿಯುವ ಹಕ್ಕಿಯನ್ನು ಪಾರಿವಾಳವೆಂದು ತಿಳಿಯುವುದೇ ಸರಳ. ರೋಮಿನಲ್ಲಿ 4ನೇ ಶತಮಾನದ ಕಲ್ಲಿನ ಶವಪೆಟ್ಟಿಗೆಗಳ ಮೇಲೂ ದೇಹವಿಲ್ಲದ ಶಿಲುಬೆಯ ತೋಳುಗಳ ಮೇಲೆ ಪಾರಿವಾಳಗಳ ಜೋಡಿ ಕುಳಿತದ್ದುಂಟು. ಆದರೆ ಪರಂಗಿಮಲೆಯ ಹಕ್ಕಿಯನ್ನು ನವಿಲೆಂದು ಕಂಡವರೂ ಇದ್ದಾರೆ, ಅದಕ್ಕೆ ಶಿಲ್ಪಕ್ಕಿಂತ ಸ್ಥಳವೇ ಹೆಚ್ಚು ಕಾರಣ. ಗುಡ್ಡದ ಸಮೀಪದ ಮೈಲಾಪುರ ನವಿಲಿನ ಊರು. ಅಲ್ಲಿನ ಕಪಾಲೀಶ್ವರ ದೇವಾಲಯದ ಸ್ಥಳಪುರಾಣದಲ್ಲಿ ಪಾರ್ವತಿ ನವಿಲಾಗಿ ಶಿವನನ್ನು ಪೂಜಿಸುತ್ತಾಳೆ. 13ನೇ ಶತಮಾನದ ಕೊನೆಯಲ್ಲಿ ಈ ತೀರಕ್ಕೆ ಬಂದ ಮಾರ್ಕೊ ಪೋಲೊ, ತೋಮಸನು ಕಾಡಿನಲ್ಲಿ ನವಿಲುಗಳ ನಡುವೆ ಪ್ರಾರ್ಥಿಸುತ್ತಿದ್ದಾಗ ನವಿಲಿಗೆಂದು ಬಿಟ್ಟ ಬಾಣ ಅವನಿಗೆ ತಾಗಿತೆಂಬ ಕಥೆಯನ್ನು ಬರೆದುಕೊಂಡಿದ್ದಾನೆ. ಇತ್ತ ಕ್ರೈಸ್ತ ಕಲೆಯಲ್ಲೂ ನವಿಲಿಗೆ ಹಳೆಯ ಸ್ಥಾನವಿದ್ದು, ಅದರ ಮಾಂಸ ಕೊಳೆಯುವುದಿಲ್ಲವೆಂಬ ನಂಬಿಕೆಯಿಂದ ಅದು ಅಮರತ್ವದ ಗುರುತಾಗಿತ್ತು. ಸಂತ ಅಗಸ್ಟೀನನು ಕಾರ್ತೇಜಿನಲ್ಲಿ ಬೇಯಿಸಿದ ನವಿಲಿನ ತುಂಡನ್ನು ವರ್ಷಕಾಲ ಇಡಿಸಿ ಪರೀಕ್ಷಿಸಿದ್ದನ್ನು ತನ್ನ ದೊಡ್ಡ ಗ್ರಂಥದಲ್ಲಿ ಗಂಭೀರವಾಗಿಯೇ ವರ್ಣಿಸಿದ್ದಾನೆ. ಇಷ್ಟೆಲ್ಲ ಕೂಡಿಬಂದರೂ, ಕಲ್ಲಿನ ಹಕ್ಕಿ ಮೇಲಿನಿಂದ ಕೆಳಕ್ಕೆ ಇಳಿಯುತ್ತಿದೆ ಎಂಬುದನ್ನು ಮರೆಯುವಂತಿಲ್ಲ. ಹಾಗೆ ಇಳಿಯುವುದು ಪಾರಿವಾಳದ ಲಕ್ಷಣ. ಕ್ರೈಸ್ತ ಚಿತ್ರಪರಂಪರೆಯ ನವಿಲುಗಳು ಎದುರುಬದುರಾಗಿ ನಿಲ್ಲುತ್ತವೆ.

ಮಕರದ ವಿಚಾರ ಬೇರೆ. ಬೈಬಲಿನಲ್ಲಿ ಮಕರವಿಲ್ಲ, ಫಿಸಿಯೊಲೊಗಸ್‌ನಲ್ಲೂ ಇಲ್ಲ. ಆನೆಯ ಸೊಂಡಿಲು, ಮೊಸಳೆಯ ದವಡೆ, ಸುರುಳಿ ಎಲೆಗಳಾಗಿ ಹರಿಯುವ ಬಾಲ, ಇವುಗಳಿಂದಾದ ಈ ಜಲಚರ ಗಂಗೆಯ ಮತ್ತು ವರುಣನ ವಾಹನ, ಕಾಮನ ಬಾವುಟದ ಚಿಹ್ನೆ. ಬಿಹಾರದ ಬರಾಬರ್ ಬೆಟ್ಟದಲ್ಲಿರುವ, ಮೌರ್ಯರ ಕಾಲದ ಲೋಮಶ ಋಷಿ ಗುಹೆಯ ಬಾಗಿಲ ಕಮಾನಿನಲ್ಲೇ ಆನೆಗಳ ಸಾಲಿನ ಎರಡು ತುದಿಗಳನ್ನು ಮಕರಗಳು ಕಾಯುತ್ತವೆ. ಅಲ್ಲಿಂದಾಚೆಗೆ ಬೌದ್ಧ, ಜೈನ, ಶೈವ, ವೈಷ್ಣವ ಎಂಬ ಭೇದವಿಲ್ಲದೆ ಭಾರತದ ಶಿಲ್ಪಿಗಳು ಪವಿತ್ರವಾದ ಬಾಗಿಲು ಅಥವಾ ಗೂಡಿನ ಮೇಲೆ ಕಮಾನನ್ನು ಎಬ್ಬಿಸುವಾಗ ಅದರ ಎರಡೂ ಬುಡಗಳಲ್ಲಿ ಮಕರವನ್ನು ಕೂರಿಸುತ್ತ ಬಂದರು; ಇದೇ ಮಕರತೋರಣ. ಪರಂಗಿಮಲೆಯಿರುವ ತೊಂಡೈಮಂಡಲದಲ್ಲಿ ಪಲ್ಲವ ಮಹೇಂದ್ರವರ್ಮನು 7ನೇ ಶತಮಾನದ ಆದಿಯಲ್ಲಿ ಕೊರೆಯಿಸಿದ ದಳವಾನೂರಿನ ಗುಹಾಲಯದ ಮುಖಭಾಗದಲ್ಲಿ ಮಕರತೋರಣ ಸ್ಪಷ್ಟವಾಗಿದೆ. ಕನ್ನಡ ನಾಡಿನಲ್ಲಿ ಬೇಲೂರಿನ ದ್ವಾರಗಳ ಮೇಲಿನ ತೋರಣಗಳೂ ಹಳೇಬೀಡಿನ ಜಗತಿಯ ಮಕರಗಳ ಪಟ್ಟಿಕೆಯೂ ಇದೇ ಪರಂಪರೆಯ ಬಹು ತಡವಾದ, ಅತಿ ಬೆಡಗಿನ ಫಲಗಳು. ಉತ್ಸವಮೂರ್ತಿಯ ಹಿಂದೆ ಇಡುವ ಲೋಹದ ಪ್ರಭಾವಳಿಯ ಎರಡು ಬುಡಗಳಲ್ಲೂ ಮಕರಗಳೇ ಇರುತ್ತವೆ.

ಈ ಶಿಲುಬೆಗಳ ಹುಟ್ಟನ್ನು ಬಿಡಿಸಿಕೊಳ್ಳಲು ಪರ್ಶಿಯನ್ ಕೊಲ್ಲಿಯ ಮತ್ತು ಇರಾಕಿನ ಉತ್ಖನನಗಳು ದೊಡ್ಡ ನೆರವು ನೀಡಿವೆ. ಇರಾನಿನ ಖಾರ್ಗ್ ದ್ವೀಪ, ಇರಾಕಿನ ಹೀರಾ, ಅಬುಧಾಬಿಯ ಸರ್ ಬನೀ ಯಾಸ್ ದ್ವೀಪ, ಈ ಸ್ಥಳಗಳಲ್ಲಿ ಪೂರ್ವದ ಸಭೆಯ ಚರ್ಚುಗಳ ಮತ್ತು ಮಠಗಳ ಅವಶೇಷಗಳು ದೊರೆತಿವೆ. ಸರ್ ಬನೀ ಯಾಸ್‌ನದು ಬೆಳಕಿಗೆ ಬಂದದ್ದು 1992ರಲ್ಲಿ. ಅಲ್ಲಿನ ಕುಶಲಕರ್ಮಿಗಳು ಗಾರೆಯ ಹಲಗೆಗಳ ಮೇಲೆ ಶಿಲುಬೆಯನ್ನು ಮೂಡಿಸಿ ಗೋಡೆಗೆ ಕೂಡಿಸುತ್ತಿದ್ದರು. ಶಿಲುಬೆಯನ್ನು ಆವರಿಸುವ ಕಮಾನು, ಎಲೆಬಳ್ಳಿಗಳು, ಅರಳಿದ ತುದಿಗಳು, ಇವೆಲ್ಲ ಆ ಗಾರೆಯ ಕೆಲಸದಲ್ಲಿ ಆಗಲೇ ಇವೆ. ಇಲ್ಲದಿರುವುದು ಮಕರ. ಶ್ರೀಲಂಕಾದ ಅನುರಾಧಪುರದಲ್ಲಿ 1912ರಲ್ಲಿ ಸಿಕ್ಕ, ಕಂಬದ ತುಂಡಿನ ಮೇಲೆ ಕೊರೆದ ಶಿಲುಬೆಯಲ್ಲೂ ಮೆಟ್ಟಿಲಿನ ಪೀಠ ಮತ್ತು ಎಲೆಗಳಿವೆಯೇ ಹೊರತು ಪ್ರಾಣಿಗಳಿಲ್ಲ. ಅಂದಮೇಲೆ ವರ್ತಕರ ಜೊತೆಗೆ ಸಮುದ್ರ ದಾಟಿ ಬಂದದ್ದು ಕಮಾನಿನೊಳಗಿನ ಶಿಲುಬೆಯ ಕಲ್ಪನೆ. ಗಾರೆಯ ಬದಲು ಗಟ್ಟಿ ಕಲ್ಲಿನಲ್ಲಿ ಅದನ್ನು ಕಡೆದವನು ಈ ನೆಲದ ರೂವಾರಿ. ಅವನ ಕಸುಬಿನಲ್ಲಿ ಪೂಜ್ಯವಾದ ವಸ್ತುವಿನ ಮೇಲಿನ ಕಮಾನು ಬರಿದಾದ ಕಂಬದ ಮೇಲೆ ನಿಲ್ಲುವಂಥದ್ದಲ್ಲ, ಮಕರದ ಬಾಯಿಂದ ಹೊರಡುವಂಥದ್ದು. ಮಾಡಿಸಿದವನು ಬರಹವನ್ನೂ ಶಿಲುಬೆಯನ್ನೂ ಕೇಳಿದನು. ಉಳಿದದ್ದನ್ನು ಕೆತ್ತುವವನ ಕೈ ತಾನಾಗಿ ಕೊಟ್ಟಿತು. ಮಕರವು ಇಲ್ಲಿ ಸಂಕೇತವಾಗಿ ಬರುವ ಮೊದಲು ಶಿಲ್ಪದ ವ್ಯಾಕರಣವಾಗಿ ಬಂದಿದೆ ಎಂಬುದೇ ಈ ಹೋಲಿಕೆಯಿಂದ ಹೊರಡುವ ಮುಖ್ಯ ಮಾತು.

ಇದೇ ಸಭೆ ಪೂರ್ವಕ್ಕೆ ಹೋದಾಗಲೂ ಹೀಗೆಯೇ ನಡೆಯಿತು. ಚೀನಾದ ಶಿಆನ್‌ನಲ್ಲಿ 781ರಲ್ಲಿ ನಿಲ್ಲಿಸಿದ ಪ್ರಸಿದ್ಧ ಶಿಲಾಶಾಸನದ ತಲೆಭಾಗದಲ್ಲಿ ತಾವರೆ ಮತ್ತು ಮೋಡಗಳ ಮೇಲೆ ನಿಂತ ಸಣ್ಣ ಶಿಲುಬೆಯಿದ್ದು, ಅದರ ಮೇಲೆ ಚೀನೀ ಶಾಸನಶಿಲೆಗಳ ರೂಢಿಯಂತೆ ಹೆಣೆದುಕೊಂಡ ಡ್ರ್ಯಾಗನ್‌ಗಳಿವೆ. ಯೂರೋಪಿನ ಕ್ರೈಸ್ತ ಕಲೆಯಲ್ಲಿ ಸೈತಾನನ ರೂಪವಾಗಿದ್ದ, ಸಂತ ಜಾರ್ಜನ ಈಟಿಗೆ ಸಿಕ್ಕಿ ಸಾಯುತ್ತಿದ್ದ ಪ್ರಾಣಿ ಅಲ್ಲಿ ಶಿಲುಬೆಗೆ ಕಿರೀಟವಾಗಿರುವುದನ್ನು ನೋಡಿದರೆ, ಒಂದು ಪ್ರಾಣಿಗೆ ಒಂದೇ ಅರ್ಥವೆಂಬ ನಿಘಂಟಿನ ಪದ್ಧತಿ ಭೂಮಧ್ಯ ಸಮುದ್ರದ ಸುತ್ತಲಿನ ಪ್ರದೇಶಕ್ಕೆ ಹೊಂದಿದಂತೆ ಏಷ್ಯಾಕ್ಕೆ ಹೊಂದುವುದಿಲ್ಲವೆಂಬುದು ತಿಳಿಯುತ್ತದೆ.

ಹಾಗೆಂದು ಮಕರಕ್ಕೆ ಕ್ರೈಸ್ತ ಅರ್ಥವೇ ಇಲ್ಲವೆನ್ನುವುದು ಇನ್ನೊಂದು ಅತಿ. ಕಸುಬಿನ ರೂಢಿಯಿಂದ ಬಂದ ಆಕೃತಿಯ ಮುಂದೆ ತಲೆಮಾರುಗಟ್ಟಲೆ ಮೊಣಕಾಲೂರಿದ ಭಕ್ತರು ಅದರಲ್ಲಿ ತಮ್ಮ ಗ್ರಂಥದ ನೆನಪನ್ನು ಕಾಣದೆ ಇರಲಾರರು. ಆ ನೆನಪಿಗೆ ಎರಡು ದಾರಿಗಳಿವೆ. ಒಂದು, ದೇವರು ಗೆದ್ದು ತುಳಿದ ಸಮುದ್ರದ ಘಟಸರ್ಪ ಲಿವ್ಯಾತಾನ್; ಇನ್ನೊಂದು, ಪ್ರವಾದಿ ಯೋನನನ್ನು ನುಂಗಿ ಮೂರನೆಯ ದಿನ ದಡಕ್ಕೆ ಉಗುಳಿದ ದೊಡ್ಡ ಮೀನು. ಇವೆರಡರಲ್ಲಿ ಯೋನನ ಮೀನಿನ ಕಡೆಗೆ ತೂಕ ಹೆಚ್ಚು. ಯೋನನು ಮೂರು ದಿನ ಮೀನಿನ ಹೊಟ್ಟೆಯಲ್ಲಿದ್ದದ್ದು ಯೇಸು ಮೂರು ದಿನ ಸಮಾಧಿಯಲ್ಲಿದ್ದದ್ದರ ಮುನ್ಸೂಚನೆಯೆಂದು ಸುವಾರ್ತೆಯೇ ಹೇಳುವುದರಿಂದ ರೋಮಿನ ನೆಲಮಾಳಿಗೆಯ ಸಮಾಧಿಗಳಲ್ಲಿ ಅತಿ ಹೆಚ್ಚು ಚಿತ್ರಿತವಾದ ಕಥೆಗಳಲ್ಲಿ ಅದೂ ಒಂದು. ಅಲ್ಲಿನ ಮೀನು ಮೀನಿನಂತಿರದೆ, ಉದ್ದ ಕತ್ತಿನ, ಸುರುಳಿ ಬಾಲದ, ಗ್ರೀಕ್ ಕಲೆಯ ಜಲರಾಕ್ಷಸನಂತೆ, ಮಕರಕ್ಕೆ ದೂರದ ದಾಯಾದಿಯಂತೆ ಇದೆ. ಪೂರ್ವದ ಸಭೆಯಲ್ಲಿ ಈ ಕಥೆ ಚಿತ್ರಕ್ಕಿಂತ ಹೆಚ್ಚಾಗಿ ವ್ರತವಾಗಿ ಉಳಿಯಿತು: ಯೋನನ ಎಚ್ಚರಿಕೆಗೆ ನಿನೆವೆಯ ಜನ ಪಶ್ಚಾತ್ತಾಪಪಟ್ಟದ್ದನ್ನು ನೆನೆದು, ಈಸ್ಟರಿನ ಮುಂಚಿನ ಮಹಾ ಉಪವಾಸಕ್ಕೆ ಸುಮಾರು ಮೂರು ವಾರ ಮೊದಲು ಮೂರು ದಿನ ಉಪವಾಸ ಮಾಡುವ ಪದ್ಧತಿ ಮೆಸೊಪೊಟೇಮಿಯದಿಂದ ಕೇರಳಕ್ಕೆ ಬಂದು ಮೂನ್ನು ನೋಯಂಬು ಎಂಬ ಹೆಸರಿನಿಂದ ಇಂದಿಗೂ ನಡೆಯುತ್ತಿದೆ. ಕುರವಿಲಂಗಾಡಿನ ಚರ್ಚಿನಲ್ಲಿ ಆ ದಿನಗಳಲ್ಲಿ ಮರದ ಹಡಗೊಂದನ್ನು ಜನ ಹೊತ್ತು, ಬಿರುಗಾಳಿಗೆ ಸಿಕ್ಕ ಯೋನನ ಹಡಗಿನಂತೆ ತೂಗಾಡಿಸುತ್ತ ಮೆರವಣಿಗೆ ಹೊರಡುತ್ತಾರೆ. ಮಳೆಗಾಳಿಯ ಲೆಕ್ಕಾಚಾರದ ಮೇಲೆ ಬದುಕಿದ ಸಮುದ್ರವ್ಯಾಪಾರಿಗಳ ಸಮುದಾಯದಲ್ಲಿ ಈ ಕಥೆ ಇಷ್ಟು ಗಾಢವಾಗಿ ಬೇರೂರಿದ್ದರಲ್ಲಿ ಆಶ್ಚರ್ಯವಿಲ್ಲ. ಸಾವಿನ ಮೇಲಿನ ಜಯವನ್ನು ಸಾರುವ ಶಿಲುಬೆಯ ಎರಡೂ ಬದಿ ಬಾಯಿ ತೆರೆದ ಜಲಚರಗಳನ್ನು ಅಂಥವರು ಕೇವಲ ಅಲಂಕಾರವೆಂದು ಕಂಡಿರಲಾರರು.

ಪೋರ್ಚುಗೀಸರು ಬಂದ ಮೇಲೆ ಪರಂಗಿಮಲೆಯ ಶಿಲೆಗೆ ಹೊಸದೊಂದು ಖ್ಯಾತಿ ಸೇರಿತು. 1558ರ ಡಿಸೆಂಬರ್ 18ರಂದು ಪೂಜೆ ನಡೆಯುತ್ತಿದ್ದಾಗ ಶಿಲುಬೆ ಬೆವರಿ ರಕ್ತದ ಬಣ್ಣ ತಳೆಯಿತೆಂಬ ವರದಿ ಹಬ್ಬಿ, ಅದು ರಕ್ತ ಸುರಿಸುವ ಶಿಲುಬೆಯೆಂದು ಹೆಸರಾಯಿತು. ಇಂಥ ಕೊನೆಯ ವರದಿ 1704ರದ್ದು. 1599ರ ಉದಯಂಪೇರೂರಿನ ಧರ್ಮಸಭೆಯ ಮೂಲಕ ಗೋವೆಯ ಆರ್ಚ್‌ಬಿಷಪ್ ಮೆನೆಜೆಸ್ ಕೇರಳದ ಸಿರಿಯನ್ ಕ್ರೈಸ್ತರನ್ನು ರೋಮಿನ ಶಿಸ್ತಿಗೆ ಒಳಪಡಿಸಿದ ಬಳಿಕ ಬಲಿಪೀಠಗಳ ಮೇಲೆ ಯೇಸುವಿನ ದೇಹವಿರುವ ಶಿಲುಬೆಗಳೂ ಸಂತರ ಪ್ರತಿಮೆಗಳೂ ಹೆಚ್ಚಿದವು. ಹಳೆಯ ಶಿಲೆಗಳು ಗೋಡೆಗಳಲ್ಲಿ ಉಳಿದವು, ಆದರೆ ಆರಾಧನೆಯ ನಡುಭಾಗದಿಂದ ಬದಿಗೆ ಸರಿದವು. ಆಗಸಾಯಿಂನ ಶಿಲೆಯ ಮೇಲೆ ಪಹ್ಲವಿಯ ಜೊತೆಗೆ ಪೋರ್ಚುಗೀಸ್ ಬರಹವೂ ಇರುವುದರಿಂದ ಅದನ್ನು ಆ ಕಾಲದಲ್ಲಿ ಯಾರೋ ಗುರುತಿಸಿ ಮತ್ತೆ ಬಳಸಿದ್ದು ನಿಶ್ಚಯ. ಗೋವಾ ಕದಂಬರ ರಾಜಧಾನಿ ಗೋಪಕಪಟ್ಟಣದ ರೇವಿಗೆ ಹತ್ತಿರದಲ್ಲೇ ಇರುವ ಆ ದಂಡೆಯಲ್ಲಿ ಅದು ಮತ್ತೆ ಪತ್ತೆಯಾದದ್ದು 2001ರಲ್ಲಿ.

20ನೇ ಶತಮಾನದ ಉತ್ತರಾರ್ಧದಲ್ಲಿ ಕೇರಳದ ಸಿರೋ ಮಲಬಾರ್ ಸಭೆ ತನ್ನ ಪೂರ್ವದ ಪೂಜಾವಿಧಿಯನ್ನು ಪುನಃ ಸ್ಥಾಪಿಸಲು ಹೊರಟಾಗ ಈ ಶಿಲುಬೆ ಮತ್ತೆ ಬಲಿಪೀಠದ ಮೇಲೆ ಬಂತು, ಅದರೊಡನೆ ತೀವ್ರವಾದ ಜಗಳವೂ ಬಂತು. ಅದನ್ನು ವಿರೋಧಿಸಿದವರು, 3ನೇ ಶತಮಾನದಲ್ಲಿ ಪರ್ಶಿಯಾದಲ್ಲಿ ಮಾನಿ ಎಂಬವನು ಸ್ಥಾಪಿಸಿದ ಪಂಥಕ್ಕೆ ಸೇರಿದ ಶಿಲುಬೆ ಇದೆಂದು ವಾದಿಸಿದರು. ಭಾರತದ ಮೊದಲ ಕ್ರೈಸ್ತರಿಗೂ ಆ ಪಂಥಕ್ಕೂ ನಂಟಿರಬಹುದೆಂದು ಮಂಗಳೂರಿನ ಆ ಪುಟ್ಟ ಪ್ರಬಂಧದಲ್ಲಿ ಬರ್ನೆಲ್ ಮಾಡಿದ್ದ ಊಹೆಗೆ ನೂರು ವರ್ಷದ ಮೇಲೆ ಹೀಗೆ ಜೀವ ಬಂತು. ಕ್ರಿಸ್ತನನ್ನು ಪ್ರಭುವೆಂದು ಕರೆಯುವ ಬರಹದ ಓದು ಆ ಊಹೆಗೆ ಆಸರೆ ಕೊಡುವುದಿಲ್ಲವೆಂಬುದು ಬೇರೆ ಮಾತು. ಇಂದು ಚರ್ಚುಗಳ ಮುಂಭಾಗದಲ್ಲಿ, ಮದುವೆಯ ಕರೆಯೋಲೆಗಳಲ್ಲಿ, ಮನೆಗಳ ಗೋಡೆಗಳ ಮೇಲೆ ಕಾಣುವ ಮಾರ್ ತೋಮಾ ಸ್ಲೀಬದ ರೂಪದಲ್ಲಿ ಸಾಮಾನ್ಯವಾಗಿ ಶಿಲುಬೆ, ಇಳಿಯುವ ಪಾರಿವಾಳ, ಬುಡದ ಎಸಳುಗಳು ಮತ್ತು ಮೂರು ಮೆಟ್ಟಿಲುಗಳಿರುತ್ತವೆ. ಎಸಳುಗಳನ್ನು ತಾವರೆಯೆಂದೂ, ಅದು ಭಾರತದ ಸಂಸ್ಕೃತಿಯ ಗುರುತೆಂದೂ ವಿವರಿಸುವ ಬರಹಗಳಿಗೆ ಕೊರತೆಯಿಲ್ಲ. ಆದರೆ ಕಂಬಗಳನ್ನೂ ಕಮಾನನ್ನೂ ಕೈಬಿಟ್ಟಾಗ ಅವುಗಳ ಜೊತೆಗೆ ಮಕರಗಳೂ ಹೋದವು; ಆ ಶಿಲ್ಪದಲ್ಲಿ ಈ ನೆಲದ್ದೇ ಎಂದು ಸಂಶಯವಿಲ್ಲದೆ ಹೇಳಬಹುದಾಗಿದ್ದ ಪ್ರಾಣಿಯೇ ಪ್ರತಿಗಳಿಂದ ಬಿಟ್ಟುಹೋಗಿ, ಪರ್ಶಿಯಾದ ಗಾರೆಗೆಲಸದವರಿಗೂ ಪರಿಚಿತವಾಗಿದ್ದ ಎಲೆಗಳು ಭಾರತೀಯತೆಯ ಚಿಹ್ನೆಯಾಗಿ ಉಳಿದಿವೆ.